ಖಾಕಿಯೊಳಗಿನ ಗಾಯ: ಪೊಲೀಸರು, ರಕ್ಷಣಾ ಸಿಬ್ಬಂದಿಯನ್ನು ಕಾಡುವ ಆಘಾತೋತ್ತರ ಒತ್ತಡ ಮತ್ತು ಅದರಿಂದ ಹೊರಬರುವ ದಾರಿ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಹೆಸರು 2005ರ ಫೆಬ್ರವರಿಯಲ್ಲಿ ರಾಜ್ಯದ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿತ್ತು. ಫೆಬ್ರವರಿ 10ರ ರಾತ್ರಿ ಅಲ್ಲಿನ ಶಾಲಾ ಕಟ್ಟಡದಲ್ಲಿ ಬಿಡಾರ ಹೂಡಿದ್ದ ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆಯ ಮೇಲೆ ನಕ್ಸಲರು ದೊಡ್ಡ ಸಂಖ್ಯೆಯಲ್ಲಿ ದಾಳಿ ನಡೆಸಿದರು. ಪಡೆಯ ಹಲವು ಸಿಬ್ಬಂದಿ ಹಾಗೂ ಒಬ್ಬ ನಾಗರಿಕ ಪ್ರಾಣ ಕಳೆದುಕೊಂಡರು. ಇದಕ್ಕೆ ನಾಲ್ಕು ದಿನ ಮೊದಲು, ಫೆಬ್ರವರಿ 6ರಂದು, ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸ್ ಗುಂಡಿಗೆ ಬಲಿಯಾಗಿದ್ದ. ಅದಕ್ಕೆ ಪ್ರತೀಕಾರವಾಗಿ ಈ ದಾಳಿ ನಡೆಯಿತೆಂದು ಆಗ ಹೇಳಲಾಯಿತು.

ಹುತಾತ್ಮರಾದವರನ್ನು ಪ್ರತಿ ವರ್ಷ ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದಂದು ಇಲಾಖೆ ಗೌರವದಿಂದ ನೆನೆಯುತ್ತದೆ. ಆದರೆ ಇಂತಹ ರಾತ್ರಿಗಳನ್ನು ದಾಟಿ ಬದುಕಿ ಉಳಿದವರ ಲೆಕ್ಕ ಬೇರೆ. ಮೈಮೇಲಿನ ಗಾಯಕ್ಕೆ ಆಸ್ಪತ್ರೆಯಲ್ಲಿ ಹೊಲಿಗೆ ಬೀಳುತ್ತದೆ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಮನಸ್ಸಿನೊಳಗೆ ಮಾಡುವ ಗಾಯ ಯಾರ ಕಣ್ಣಿಗೂ ಬೀಳದು. ಆ ಗಾಯ ತಿಂಗಳುಗಟ್ಟಲೆ ಮಾಯದೆ ಉಳಿದರೆ ಅದಕ್ಕೆ ವೈದ್ಯಶಾಸ್ತ್ರ ಕೊಟ್ಟಿರುವ ಹೆಸರು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ. ಇದು ಹೇಡಿತನವಲ್ಲ, ಹುಚ್ಚೂ ಅಲ್ಲ. ಚಿಕಿತ್ಸೆಗೆ ಬಗ್ಗುವ ಕಾಯಿಲೆ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಹೊರೆ

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಹೊರಗಿನಿಂದ ನೋಡಿದರೆ ಶಾಂತ ಬಯಲುಸೀಮೆ. ಇಲ್ಲಿ ಕೆಲಸ ಮಾಡುವ ಪೊಲೀಸ್, ಅಗ್ನಿಶಾಮಕ ಮತ್ತು 108 ಆಂಬುಲೆನ್ಸ್ ಸಿಬ್ಬಂದಿಯ ದಿನಚರಿ ಮಾತ್ರ ಅಷ್ಟು ಶಾಂತವಲ್ಲ.

ಶಿರಾ ತಾಲ್ಲೂಕನ್ನು ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 ಸೀಳಿಕೊಂಡು ಹೋಗುತ್ತದೆ. 2022ರ ಆಗಸ್ಟ್ 25ರ ನಸುಕಿನಲ್ಲಿ ಕಳ್ಳಂಬೆಳ್ಳದ ಬಳಿ ಲಾರಿ ಮತ್ತು ಕ್ರೂಸರ್ ವಾಹನದ ನಡುವೆ ನಡೆದ ಅಪಘಾತದಲ್ಲಿ, ಕೂಲಿ ಅರಸಿ ರಾಯಚೂರು ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ 9 ಮಂದಿ ಮೃತಪಟ್ಟರು. ಅದೇ ವರ್ಷದ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಬಳಿ ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ ಉರುಳಿತು. ಸತ್ತವರಲ್ಲಿ, ಗಾಯಗೊಂಡವರಲ್ಲಿ ಕಾಲೇಜಿಗೆ ಹೊರಟಿದ್ದ ಮಕ್ಕಳೇ ಹೆಚ್ಚು. ಮೂರು ಕಡೆ ಆಂಧ್ರದ ನೆಲ ಸುತ್ತುವರಿದ ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರು ಸುಮಾರು 100 ಕಿಲೋಮೀಟರ್ ದೂರ. ಗಂಭೀರವಾಗಿ ಗಾಯಗೊಂಡವರನ್ನು ಹೊತ್ತು ಅಷ್ಟು ದೂರ ಓಡುವ ಆಂಬುಲೆನ್ಸ್‌ನಲ್ಲಿ, ಪ್ರಾಣ ಹೋಗುವ ಗಳಿಗೆಗೆ ಒಬ್ಬ ಶುಶ್ರೂಷಕ ಒಂಟಿ ಸಾಕ್ಷಿಯಾಗಬೇಕಾಗುತ್ತದೆ. ಕೊರಟಗೆರೆ, ಮಧುಗಿರಿ ಭಾಗದಲ್ಲಿ ಜಯಮಂಗಲಿ ನದಿ ಉಕ್ಕಿದ ಮಳೆಗಾಲದಲ್ಲಿ ಸೇತುವೆ ಕಾಯುವುದು, ಕೊಚ್ಚಿ ಹೋದವರನ್ನು ಹುಡುಕುವುದು ಇದೇ ಸಿಬ್ಬಂದಿಯ ಕೆಲಸ.

ಇವು ಸುದ್ದಿಯಾದ ಘಟನೆಗಳು. ಸುದ್ದಿಯಾಗದವು ಇನ್ನೂ ಹೆಚ್ಚು. ಬಾವಿಯಿಂದ ಶವ ಎತ್ತುವುದು, ನೇಣಿನ ಹಗ್ಗ ಬಿಚ್ಚುವುದು, ಮರಣೋತ್ತರ ಪರೀಕ್ಷೆಯ ಕೋಣೆಯ ಹೊರಗೆ ನಿಲ್ಲುವುದು, ಮಗನ ಸಾವಿನ ಸುದ್ದಿಯನ್ನು ತಾಯಿಗೆ ಮುಟ್ಟಿಸುವುದು, ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೇಳಿಕೆ ಬರೆದುಕೊಳ್ಳುವುದು. ಒಂದೊಂದೂ ಚಿಕ್ಕದೆಂದು ಕಂಡರೂ ಹನಿಹನಿ ಗೂಡಿ ಹಳ್ಳವಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ರೋಗನಿರ್ಣಯ ಕೈಪಿಡಿ ಇದನ್ನು ಸ್ಪಷ್ಟವಾಗಿ ಒಪ್ಪಿಕೊಂಡಿದೆ. ತನ್ನ ಜೀವಕ್ಕೆ ಅಪಾಯ ಬಂದಿರಲೇಬೇಕೆಂದಿಲ್ಲ. ಕರ್ತವ್ಯದ ಭಾಗವಾಗಿ ಶವದ ಅವಶೇಷ ಸಂಗ್ರಹಿಸುವವರು, ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಮತ್ತೆ ಮತ್ತೆ ಕೇಳುವ ಪೊಲೀಸರು ಕೂಡ ಈ ಕಾಯಿಲೆಗೆ ತುತ್ತಾಗಬಹುದು.

ದೇಹ, ಮನಸ್ಸಿನಲ್ಲಿ ಏನಾಗುತ್ತದೆ?

ಅಪಾಯ ಎದುರಾದಾಗ ಮಿದುಳಿನ ಅಮಿಗ್ಡಲ ಎಂಬ ಭಾಗ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಉಕ್ಕುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಓಟಕ್ಕೋ ಹೋರಾಟಕ್ಕೋ ಸಜ್ಜಾಗುತ್ತವೆ. ಇದು ಪ್ರಕೃತಿ ಕೊಟ್ಟ ರಕ್ಷಣೆ. ಅಪಾಯ ಕಳೆದ ಮೇಲೆ ಮಿದುಳಿನ ಮುಂಭಾಗ ಆ ಗಂಟೆಯನ್ನು ನಿಲ್ಲಿಸುತ್ತದೆ. ಹಿಪ್ಪೊಕ್ಯಾಂಪಸ್ ಎಂಬ ಭಾಗ ನಡೆದದ್ದಕ್ಕೆ ದಿನಾಂಕ, ಸ್ಥಳದ ಚೀಟಿ ಅಂಟಿಸಿ 'ಇದು ಮುಗಿದುಹೋದ ಸಂಗತಿ' ಎಂದು ನೆನಪಿನ ಕಪಾಟಿನಲ್ಲಿ ಇಡುತ್ತದೆ.

ಆಘಾತ ತೀವ್ರವಾಗಿದ್ದಾಗ ಅಥವಾ ಮೇಲಿಂದ ಮೇಲೆ ಬಿದ್ದಾಗ ಈ ಏರ್ಪಾಡು ಕೆಡುತ್ತದೆ. ಗಂಟೆ ನಿಲ್ಲುವುದಿಲ್ಲ. ನೆನಪು ಕಪಾಟಿಗೆ ಸೇರದೆ, ಈಗ ಕಣ್ಣೆದುರೇ ನಡೆಯುತ್ತಿರುವಂತೆ ಮರಳಿ ಬರುತ್ತದೆ. ಹಾವು ಕಚ್ಚಿಸಿಕೊಂಡವನಿಗೆ ಹಗ್ಗ ಕಂಡರೂ ಬೆಚ್ಚು ಎನ್ನುವಂತೆ, ದೀಪಾವಳಿಯ ಪಟಾಕಿ, ಡೀಸೆಲ್ ವಾಸನೆ, ರಾತ್ರಿ ಬರುವ ಫೋನ್ ಕರೆ ಕೂಡ ಆ ಗಂಟೆಯನ್ನು ಬಾರಿಸಬಲ್ಲವು.

ಮೊದಲ ಮಹಾಯುದ್ಧದ ಸೈನಿಕರಲ್ಲಿ ಇದನ್ನು 'ಶೆಲ್ ಶಾಕ್' ಎಂದು ಕರೆದರು. 1980ರಲ್ಲಿ ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಅದು ಮನೋರೋಗಗಳ ಅಧಿಕೃತ ಪಟ್ಟಿಗೆ ಸೇರಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ಸುಮಾರು 70 ಶೇಕಡಾ ಜನ ಜೀವನದಲ್ಲಿ ಒಮ್ಮೆಯಾದರೂ ಇಂತಹ ಆಘಾತ ಎದುರಿಸುತ್ತಾರೆ. ಅವರಲ್ಲಿ ಈ ಕಾಯಿಲೆಗೆ ಬೀಳುವವರು 5.6 ಶೇಕಡಾ ಮಾತ್ರ. ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದರೆ ಆಘಾತವೇ ದಿನದ ದುಡಿಮೆಯಾದವರಿಗೆ ಅಪಾಯ ಹೆಚ್ಚು. ಒಂದರಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದಿರುತ್ತದೆ.

ಮನೆಯವರ ಕಣ್ಣಿಗೆ ಬೀಳುವ ಲಕ್ಷಣಗಳು

ಠಾಣೆಯಲ್ಲಿ ಸಮವಸ್ತ್ರ ಎಲ್ಲವನ್ನೂ ಮುಚ್ಚುತ್ತದೆ. ಮೊದಲು ಗುರುತಿಸುವವರು ಹೆಂಡತಿ, ಗಂಡ, ತಾಯಿ ಅಥವಾ ಮಕ್ಕಳು. ಲಕ್ಷಣಗಳನ್ನು ನಾಲ್ಕು ಗುಂಪಾಗಿ ನೋಡಬಹುದು.

1. ಮರುಕಳಿಸುವ ನೆನಪು: ಕೆಟ್ಟ ಕನಸು, ನಿದ್ದೆಯಲ್ಲಿ ಕೂಗುವುದು, ಎಚ್ಚರವಿದ್ದಾಗಲೇ ಘಟನೆ ಮತ್ತೆ ನಡೆದಂತೆ ಭಾಸವಾಗುವುದು.

2. ದೂರ ಸರಿಯುವುದು: ಅಪಘಾತ ನಡೆದ ರಸ್ತೆ ಬಿಟ್ಟು ಸುತ್ತು ಹಾದಿಯಲ್ಲಿ ಹೋಗುವುದು, ಆ ಮಾತು ಬಂದರೆ ಎದ್ದು ಹೋಗುವುದು, ಮದುವೆ ಮುಂಜಿಗಳಿಗೆ ಬರಲು ಒಲ್ಲೆನೆನ್ನುವುದು.

3. ಭಾವನೆ ಬತ್ತುವುದು: ಮಕ್ಕಳ ಆಟಪಾಠದಲ್ಲಿ ಸಂತೋಷ ಕಾಣದಿರುವುದು, 'ನನ್ನಿಂದಲೇ ಹೀಗಾಯಿತು' ಎಂಬ ಕೊರಗು, ಯಾರ ಮೇಲೂ ನಂಬಿಕೆ ಇಲ್ಲದಿರುವುದು.

4. ಸದಾ ಎಚ್ಚರ: ಸಣ್ಣ ಸದ್ದಿಗೂ ಬೆಚ್ಚುವುದು, ಬಾಗಿಲಿಗೆ ಬೆನ್ನು ಮಾಡಿ ಕೂರಲಾಗದಿರುವುದು, ಕಾರಣವಿಲ್ಲದ ಸಿಟ್ಟು, ನಿದ್ದೆ ಹತ್ತದಿರುವುದು.

ಘಟನೆಯ ನಂತರದ ಮೊದಲ ಕೆಲವು ವಾರ ಇವು ಕಾಣಿಸಿಕೊಳ್ಳುವುದು ಸಹಜ. ಒಂದು ತಿಂಗಳು ಕಳೆದರೂ ಉಳಿದು, ಕೆಲಸಕ್ಕೆ, ಸಂಸಾರಕ್ಕೆ ಅಡ್ಡಿಯಾದರೆ ವೈದ್ಯರನ್ನು ಕಾಣಬೇಕು. ಕೆಲವರಲ್ಲಿ ಆರು ತಿಂಗಳು, ಇನ್ನೂ ಹೆಚ್ಚು ಕಾಲ ಬಿಟ್ಟು ಕಾಯಿಲೆ ತಲೆ ಎತ್ತುವುದುಂಟು. ವರ್ಗಾವಣೆಯಾಗಿ ಆರಾಮದ ಠಾಣೆಗೆ ಬಂದ ಮೇಲೆ ನಿದ್ದೆ ಕೆಡಲು ಶುರುವಾದರೆ ಮನೆಯವರಿಗೆ ಕಾರಣ ಹೊಳೆಯದೇ ಹೋಗಬಹುದು. ತಲೆನೋವು, ಹೊಟ್ಟೆಯುರಿ, ಬೆನ್ನುನೋವು ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರ ಹಿಂದೆಯೂ ಇದೇ ಇರಬಹುದು.

ಏಕೆ ಮುಚ್ಚಿಡುತ್ತಾರೆ?

'ಪೊಲೀಸಾಗಿ ಅಳುವುದೇ?' ಎಂಬ ಮಾತು ಮೊದಲ ಅಡ್ಡಿ. ಬಡ್ತಿ ತಪ್ಪೀತು, ಶಸ್ತ್ರ ಕಿತ್ತುಕೊಂಡಾರು, ಸಹೋದ್ಯೋಗಿಗಳು ನಕ್ಕಾರು ಎಂಬ ಅಂಜಿಕೆ ಎರಡನೆಯದು. ಹಬ್ಬ, ಚುನಾವಣೆ, ಬಂದೋಬಸ್ತ್ ಎಂದು ರಜೆಯೇ ಸಿಗದ ದುಡಿಮೆ ಮೂರನೆಯದು. ಮನೆಮಗಳಿಗೆ ಹೆಣ್ಣು ನೋಡಲು ಬರುವವರು ಏನೆಂದುಕೊಂಡಾರು ಎಂಬ ಚಿಂತೆ ನಾಲ್ಕನೆಯದು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ಕಾಯಿಲೆ ಇರುವ ನಾಲ್ವರಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಉಳಿದವರಲ್ಲಿ ಬಹಳ ಮಂದಿ ಮದ್ಯದ ಮೊರೆ ಹೋಗುತ್ತಾರೆ. ಒಂದು ಗುಟುಕು ನಿದ್ದೆ ತಂದಂತೆ ಅನಿಸುತ್ತದೆ. ಆದರೆ ಮದ್ಯ ಆಳವಾದ ನಿದ್ದೆಯನ್ನು ಕೆಡಿಸುತ್ತದೆ, ಬೆಳಗಿನ ಆತಂಕವನ್ನು ಹೆಚ್ಚಿಸುತ್ತದೆ. ಮದ್ಯವನ್ನು ಹೊಸ್ತಿಲೊಳಗೆ ಬಿಡದ ಮನೆತನಗಳಲ್ಲಿ ಅದು ಇನ್ನೊಂದು ಗುಟ್ಟಾಗಿ, ಇನ್ನೊಂದು ಅಪರಾಧಭಾವವಾಗಿ ಸೇರಿಕೊಳ್ಳುತ್ತದೆ. ಅಂತಹವರನ್ನು ಬೈದು ಹೊರಗಿಡುವ ಬದಲು, ಕುಡಿತದ ಹಿಂದೆ ಇರುವ ನಿದ್ದೆಗೇಡಿನ ಕಾರಣ ಕೇಳುವುದು ಮೊದಲ ಹೆಜ್ಜೆ.

ಮೊದಲ ದಿನಗಳಲ್ಲಿ ಏನು ಮಾಡಬೇಕು?

ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ 'ಏನೇನು ಕಂಡಿರಿ ಎಲ್ಲ ಹೇಳಿ' ಎಂದು ಒತ್ತಾಯಿಸುವುದು ಒಳ್ಳೆಯದೆಂದು ಒಂದು ಕಾಲದಲ್ಲಿ ನಂಬಿದ್ದರು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು ಎಂದು ನಂತರದ ಅಧ್ಯಯನಗಳು ತೋರಿಸಿದವು. ಈಗ ಸಲಹೆ ಮಾಡುವುದು 'ಮಾನಸಿಕ ಪ್ರಥಮ ಚಿಕಿತ್ಸೆ'ಯನ್ನು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಇದನ್ನು ಮೂರು ಮಾತಿನಲ್ಲಿ ಹೇಳುತ್ತದೆ: ನೋಡಿ, ಆಲಿಸಿ, ಜೋಡಿಸಿ.

ನೋಡುವುದೆಂದರೆ ಆ ವ್ಯಕ್ತಿ ಸುರಕ್ಷಿತವಾಗಿದ್ದಾನೆಯೇ, ಊಟ ನೀರು ಆಗಿದೆಯೇ ಎಂದು ಗಮನಿಸುವುದು. ಆಲಿಸುವುದೆಂದರೆ ಹೇಳಿದಷ್ಟನ್ನು ಕೇಳುವುದು, ಹೇಳದ್ದನ್ನು ಕೆದಕದಿರುವುದು. ಜೋಡಿಸುವುದೆಂದರೆ ಮನೆಯವರ, ಗೆಳೆಯರ, ಬೇಕಾದರೆ ವೈದ್ಯರ ಸಂಪರ್ಕಕ್ಕೆ ತರುವುದು. ಇದಕ್ಕೆ ವೈದ್ಯರೇ ಬೇಕೆಂದಿಲ್ಲ. ತರಬೇತಿ ಪಡೆದ ಹಿರಿಯ ಹೆಡ್ ಕಾನ್‌ಸ್ಟೆಬಲ್ ಅಥವಾ ಆಂಬುಲೆನ್ಸ್ ಸಹೋದ್ಯೋಗಿ ಸಾಕು. ಅಪಘಾತ ಸ್ಥಳದಿಂದ ಬಂದ ರಾತ್ರಿ ಒಬ್ಬಂಟಿಯಾಗಿ ಕ್ವಾರ್ಟರ್ಸ್‌ಗೆ ಕಳಿಸದೆ ಜೊತೆಯಲ್ಲಿ ಊಟ ಮಾಡಿಸುವುದೂ ಚಿಕಿತ್ಸೆಯ ಭಾಗವೇ.

ಚಿಕಿತ್ಸೆ ಹೇಗಿರುತ್ತದೆ?

ಹೆಚ್ಚು ಪರಿಣಾಮಕಾರಿಯೆಂದು ಸಾಬೀತಾದದ್ದು ಆಘಾತಕ್ಕೇ ನೇರವಾಗಿ ಕೈಹಾಕುವ ಮಾತಿನ ಚಿಕಿತ್ಸೆ. ತಜ್ಞರ ಎದುರು, ಸುರಕ್ಷಿತ ಕೋಣೆಯಲ್ಲಿ, ವ್ಯಕ್ತಿ ಆ ನೆನಪನ್ನು ಹಂತಹಂತವಾಗಿ ಎದುರಿಸುತ್ತಾನೆ. ದೂರವಿಟ್ಟಿದ್ದ ರಸ್ತೆಗೆ, ಸದ್ದಿಗೆ ಮೆಲ್ಲನೆ ಮರಳುತ್ತಾನೆ. 'ಇನ್ನೆರಡು ನಿಮಿಷ ಮೊದಲು ತಲುಪಿದ್ದರೆ ಮಗು ಉಳಿಯುತ್ತಿತ್ತು' ಎಂಬ ಕೊರಗನ್ನು ವಾಸ್ತವದ ತಕ್ಕಡಿಯಲ್ಲಿ ತೂಗಿ ನೋಡುತ್ತಾನೆ. ಸಾಮಾನ್ಯವಾಗಿ ವಾರಕ್ಕೊಂದರಂತೆ 8ರಿಂದ 15 ಭೇಟಿಗಳು ಬೇಕಾಗುತ್ತವೆ. ಕಣ್ಣಿನ ಚಲನೆಯ ನೆರವಿನಿಂದ ನೆನಪನ್ನು ಸಂಸ್ಕರಿಸುವ ಇಎಂಡಿಆರ್ ಎಂಬ ಇನ್ನೊಂದು ವಿಧಾನವೂ ಇದೆ.

ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್‌ನಂತಹ ಮಾತ್ರೆಗಳನ್ನು ವೈದ್ಯರು ಕೊಡಬಹುದು. ಇವು ಕೆಲಸ ತೋರಲು ಕೆಲವು ವಾರ ಬೇಕು. ವಾಸಿಯಾಯಿತೆಂದು ತಟ್ಟನೆ ನಿಲ್ಲಿಸಬಾರದು. ಅಂಗಡಿಯಿಂದ ತಾವೇ ನಿದ್ದೆ ಮಾತ್ರೆ ತಂದು ನುಂಗುವುದು ಅಪಾಯಕಾರಿ. ಆತಂಕಕ್ಕೆ ಕೊಡುವ ಅಲ್ಪ್ರಜೋಲಾಮ್, ಡಯಾಜೆಪಾಮ್ ಜಾತಿಯ ಮಾತ್ರೆಗಳು ಚಟವಾಗಬಹುದು, ಈ ಕಾಯಿಲೆಯನ್ನು ಗುಣಪಡಿಸುವುದೂ ಇಲ್ಲ.

ಎಲ್ಲಿಗೆ ಹೋಗಬೇಕು?

ಟೆಲಿಮನಸ್: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಈ ಸಹಾಯವಾಣಿ ಉಚಿತ, ದಿನದ 24 ಗಂಟೆಯೂ ತೆರೆದಿರುತ್ತದೆ. ಕನ್ನಡದಲ್ಲಿ ಮಾತನಾಡಬಹುದು. ಪಾವಗಡದ ಗಡಿಗ್ರಾಮದಿಂದಲೂ, ರಾತ್ರಿ ಪಾಳಿ ಮುಗಿದ ಮೇಲೂ ಕರೆ ಮಾಡಬಹುದು. ರೋಗಿಯೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ತಾಲ್ಲೂಕು ಆಸ್ಪತ್ರೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿ, ಮನೋಚೈತನ್ಯ ಯೋಜನೆಯಂತೆ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ತಮ್ಮ ತಾಲ್ಲೂಕಿನ ದಿನವನ್ನು ಆಸ್ಪತ್ರೆಯಲ್ಲಿ ಕೇಳಿಕೊಂಡು ಹೋಗುವುದು ಒಳ್ಳೆಯದು. ಹೆಚ್ಚಿನ ಚಿಕಿತ್ಸೆಗೆ ತುಮಕೂರು ಜಿಲ್ಲಾ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಪೊಲೀಸ್ ಕುಟುಂಬಗಳು ಇಲಾಖೆಯ ಆರೋಗ್ಯ ಭಾಗ್ಯ ಯೋಜನೆಯಲ್ಲಿ ಯಾವ ಚಿಕಿತ್ಸೆಗೆ ಸೌಲಭ್ಯವಿದೆ ಎಂಬುದನ್ನು ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ವಿಚಾರಿಸಬಹುದು.

ಕಾನೂನೂ ರೋಗಿಯ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯ್ದೆಯಂತೆ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ರೋಗಿಯ ವಿವರಗಳನ್ನು ಗೋಪ್ಯವಾಗಿ ಇಡಬೇಕು. ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು.

ಜೈನ ಕುಟುಂಬಗಳು ಗಮನಿಸಬೇಕಾದ ಕೆಲವು ಸಂಗತಿಗಳು

ಸಮಾಜದ ಅನೇಕ ಮಕ್ಕಳು ಇಂದು ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ಸೇವೆಗಳಲ್ಲಿದ್ದಾರೆ. ಅವರ ಮನೆಗಳಲ್ಲಿ ಚಿಕಿತ್ಸೆಗೆ ಅಡ್ಡ ಬರಬಹುದಾದ ಕೆಲವು ಪ್ರಶ್ನೆಗಳಿಗೆ ಸುಲಭ ಪರಿಹಾರವಿದೆ.

ರಾತ್ರಿ ಭೋಜನ ತ್ಯಾಗ ಮಾಡಿದವರು ಮಾತ್ರೆಯ ವೇಳೆಯನ್ನು ವೈದ್ಯರೊಂದಿಗೆ ಮೊದಲೇ ಚರ್ಚಿಸಬೇಕು. ದಿನಕ್ಕೊಂದು ಬಾರಿ ತೆಗೆದುಕೊಳ್ಳುವ ಹಲವು ಮಾತ್ರೆಗಳನ್ನು ಬೆಳಿಗ್ಗೆಯೇ ಕೊಡಲು ಸಾಧ್ಯ. ಕ್ಯಾಪ್ಸೂಲ್‌ನ ಹೊರಕವಚ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್‌ನದು. ಬೇಡವೆಂದು ಹೇಳಿದರೆ ಅನೇಕ ಔಷಧಗಳು ಮಾತ್ರೆಯ ರೂಪದಲ್ಲಿ ಸಿಗುತ್ತವೆ. ಪರ್ಯೂಷಣ, ದಶಲಕ್ಷಣ ಪರ್ವಗಳಲ್ಲಿ ದೀರ್ಘ ಉಪವಾಸ ಕೈಗೊಳ್ಳುವ ಮೊದಲು ಔಷಧ ಸೇವಿಸುವವರು ವೈದ್ಯರನ್ನು ಕೇಳಬೇಕು. ಹೇಳದೆ ಔಷಧ ಬಿಡಬಾರದು.

ಸಾಮಾಯಿಕ, ಧ್ಯಾನ ಮನಸ್ಸನ್ನು ಶಾಂತಗೊಳಿಸುತ್ತವೆ. ಆದರೆ ತೀವ್ರ ಆಘಾತಕ್ಕೆ ಒಳಗಾದ ಕೆಲವರಿಗೆ ಕಣ್ಣು ಮುಚ್ಚಿ ಮೌನವಾಗಿ ಕುಳಿತಾಗಲೇ ಆ ದೃಶ್ಯಗಳು ಮುತ್ತಿಕೊಳ್ಳುತ್ತವೆ. ಅಂತಹವರನ್ನು 48 ನಿಮಿಷ ಕೂರಲೇಬೇಕೆಂದು ಬಲವಂತ ಮಾಡದೆ, ಕಣ್ಣು ತೆರೆದು ಜಪ ಮಾಡಲು, ಬಸದಿಯ ಪ್ರದಕ್ಷಿಣೆ ಹಾಕಲು, ಸ್ವಲ್ಪ ಹೊತ್ತು ಮಾತ್ರ ಕೂರಲು ಬಿಡಬೇಕು. ಇವು ಚಿಕಿತ್ಸೆಗೆ ಜೊತೆಯಾಗಬಲ್ಲವು, ಬದಲಿಯಾಗಲಾರವು.

ಕರ್ತವ್ಯದಲ್ಲಿ ಗುಂಡು ಹಾರಿಸಬೇಕಾಗಿ ಬಂದವರ, ಲಾಠಿ ಬೀಸಬೇಕಾಗಿ ಬಂದವರ ಕೊರಗು ಬೇರೆ ಬಗೆಯದು. ಅಹಿಂಸೆಯನ್ನು ಹಾಲಿನೊಂದಿಗೆ ಕುಡಿದು ಬೆಳೆದವರಿಗೆ ಅದು ಇನ್ನೂ ಭಾರ. ತನ್ನ ನಂಬಿಕೆಗೆ ವಿರುದ್ಧವಾದ ಕೆಲಸ ತನ್ನ ಕೈಯಿಂದ ನಡೆಯಿತೆಂಬ ಈ ನೋವನ್ನು ಮನೋವೈದ್ಯರು 'ನೈತಿಕ ಗಾಯ' ಎಂದು ಗುರುತಿಸುತ್ತಾರೆ. ಜೈನ ಆಚಾರ ಗ್ರಂಥಗಳು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನಿಗೆ ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯ ತ್ಯಾಗವನ್ನು ವಿಧಿಸುತ್ತವೆ. ಆಕ್ರಮಣದಿಂದ ಪರರನ್ನು ರಕ್ಷಿಸುವಾಗ ಆಗುವುದನ್ನು ಅವು ಬೇರೆಯಾಗಿಯೇ ಇಡುತ್ತವೆ. ಈ ವಿವೇಚನೆಯನ್ನು ಬಲ್ಲ ಹಿರಿಯರು, ತ್ಯಾಗಿಗಳು ಇಂತಹ ಒಬ್ಬರ ಪಕ್ಕ ಕುಳಿತು ಮಾತನಾಡಿದರೆ ಅದರ ಬೆಲೆ ದೊಡ್ಡದು. ಸಂತ್ರಸ್ತರಿಗೆ 'ಎಲ್ಲ ಪೂರ್ವಕರ್ಮದ ಫಲ' ಎಂದು ಹೇಳಿ ಮುಗಿಸುವ ಮಾತು ಮಾತ್ರ ಸಾಂತ್ವನವಾಗುವುದಿಲ್ಲ, ಅದು ಕೊರಗಿಗೆ ಇನ್ನೊಂದು ಕಲ್ಲು ಹೇರುತ್ತದೆ.

ತಡಮಾಡಬಾರದ ಸಂದರ್ಭ

'ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ' ಎಂಬ ಮಾತು, ದಾಖಲೆ ಪತ್ರಗಳನ್ನು ಇದ್ದಕ್ಕಿದ್ದಂತೆ ಜೋಡಿಸಿಡುವುದು, ಪ್ರೀತಿಯ ವಸ್ತುಗಳನ್ನು ಹಂಚುವುದು, ಕುಡಿತ ಏಕಾಏಕಿ ಹೆಚ್ಚುವುದು ಆತ್ಮಹತ್ಯೆಯ ಯೋಚನೆಯ ಸೂಚನೆಗಳಾಗಿರಬಹುದು. 'ಸಾಯುವ ಯೋಚನೆ ಬರುತ್ತಿದೆಯೇ?' ಎಂದು ನೇರವಾಗಿ, ಮೆತ್ತಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ಮಾತಿಗೆ ಬಾಗಿಲು ತೆರೆಯುತ್ತದೆ. ಅಂತಹವರನ್ನು ಒಂಟಿಯಾಗಿ ಬಿಡಬಾರದು. ಸೇವಾ ಶಸ್ತ್ರ ಅವರ ಕೈಗೆಟುಕದಂತೆ ಮೇಲಧಿಕಾರಿಯೊಂದಿಗೆ ಗೌರವದಿಂದ ಮಾತನಾಡಿ ವ್ಯವಸ್ಥೆ ಮಾಡಬೇಕು. ಮನೆಯಲ್ಲಿರುವ ಕೀಟನಾಶಕ, ಹೆಚ್ಚುವರಿ ಮಾತ್ರೆಗಳನ್ನು ದೂರವಿಡಬೇಕು. ಕೂಡಲೇ 112 ಅಥವಾ 108ಕ್ಕೆ ಕರೆ ಮಾಡಬೇಕು, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ, ಅವರಿಗೆ ಆರೈಕೆ ಒದಗಿಸಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆದ್ದರಿಂದ ಕೇಸು ಬೀಳುತ್ತದೆಂಬ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯಲು ಹಿಂಜರಿಯಬಾರದು.

ಕಾಯಿಲೆ ಇರುವವರಲ್ಲಿ ಸುಮಾರು 40 ಶೇಕಡಾ ಮಂದಿ ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ. ಸರಿಯಾದ ಚಿಕಿತ್ಸೆ, ಮನೆಯವರ ತಾಳ್ಮೆ, ಸಹೋದ್ಯೋಗಿಗಳ ಒತ್ತಾಸೆ ಸೇರಿದರೆ ಇನ್ನೂ ಹೆಚ್ಚು ಮಂದಿಗೆ ಗುಣ ಸಾಧ್ಯ. ವರ್ಷಗಳ ಹಿಂದಿನ ಆಘಾತಕ್ಕೂ ಇಂದು ಚಿಕಿತ್ಸೆ ಆರಂಭಿಸಬಹುದು. ಮನೆಯಲ್ಲೋ ಬಳಗದಲ್ಲೋ ಸಮವಸ್ತ್ರ ಧರಿಸುವ ಒಬ್ಬರಿದ್ದರೆ, ಈ ವಾರ ಅವರನ್ನು ಕೇಳಬೇಕಾದ ಪ್ರಶ್ನೆ ಒಂದೇ: 'ರಾತ್ರಿ ನಿದ್ದೆ ಬರುತ್ತಿದೆಯೇ?' ಉತ್ತರ ಕೇಳುವಷ್ಟು ಹೊತ್ತು ಜೊತೆಗೆ ಕುಳಿತರೆ, ಉಳಿದ ಮಾತು ತಾನಾಗಿ ಬರುತ್ತದೆ.